ಒಳಗಿನ ಚಿಲಕ

ಹೊಸ ಆಯಾ ತನಗೆಂದೇ ಅಣಿಮಾಡಿದ್ದ ಕೋಣೆಯಲ್ಲಿ ಹಾಸಿಗೆ, ಫ್ಯಾನು ಯಾವುದನ್ನೂ ನೋಡಲಿಲ್ಲ. ಬಾಗಿಲು ಮುಚ್ಚಿ ಒಳಬದಿಯಲ್ಲಿ ಕೈಯಾಡಿಸಿದಳು. ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು.

"ನಾನೇ ಬಿಚ್ಚಿಸಿದೆ," ಜೊತೆಗೇ ಕೋಣೆಯೊಳಗೆ ಬಂದಿದ್ದ ತಾಯಿ ಸೊಂಟದ ಮೇಲಿದ್ದ ಮಗುವನ್ನು ಸರಿಪಡಿಸಿಕೊಳ್ಳುತ್ತಾ ಹೇಳಿದಳು. "ಇದು ಅತ್ತ ತಕ್ಷಣ ನಿಮ್ಮನ್ನ ಎಬ್ಬಿಸಬಹುದು ಅಂತ. ಇಲ್ಲೇ ಉಳ್ಕೋತೀರಲ್ಲ?"

"ಮಕ್ಕಳು ಅಂದ್ರೆ ನಂಗೆ ಪ್ರಾಣ, ಅಕ್ಕಾ. ಆದ್ರೆ ದಿನಕ್ಕೊಂದ್ಸಲನಾದ್ರೂ ನಾನು ಬಾಗಿಲು ಹಾಕ್ಕೋಬೇಕು. ಬೆಳಿಗ್ಗೆ ಬಂದು ಸಂಜೆ ಹೋಗ್ತೀನಿ."

ತಾಯಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳಿಗೆ, ಹನ್ನೊಂದು ತಿಂಗಳಿಂದ ತಾನು ಬಚ್ಚಲಿನ ಬಾಗಿಲನ್ನೂ ಹಾಕಿಕೊಂಡಿಲ್ಲವೆಂಬುದು ನೆನಪಾಯಿತು.

"ಎಂಟಕ್ಕೆ ಬನ್ನಿ, ಆರಕ್ಕೆ ಹೊರಡಿ," ಎಂದಳು. "ಈಗ ಒಂದೈದು ನಿಮಿಷ ಇದನ್ನ ಹಿಡ್ಕೊಳ್ಳಿ."

ಮಗುವನ್ನು ಆಯಾಳ ಕೈಗಿತ್ತು, ಬಚ್ಚಲಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು. ಮಗು ಅತ್ತಿತು. ಅವಳು ಚಿಲಕ ತೆಗೆಯಲಿಲ್ಲ.