ಸರಿಯಾಗಿ ಕೇಳಿದವನು

“ಫೋನ್ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ? ಅರ್ಜೆಂಟ್!!! ಬೇಗ ಹೇಳ್ರಪ್ಪಾ, ಎಲ್ಲಾ ಸತ್ತುಹೋದ್ರಾ?”

ಓದಿದ ಮೇಷ್ಟ್ರಿಗೆ ಬಾಯೆಲ್ಲ ಕಹಿಯಾಯಿತು. ವಾರವಿಡೀ ಅವರು ತರಬೇತಿ ಕೇಂದ್ರದಲ್ಲಿ ಮೊಬೈಲ್ ರಿಪೇರಿ ಕಲಿಸುತ್ತಿದ್ದರು. ರಜೆಯ ದಿನ ಬಿಟ್ಟಿಯಾಗಿ ಅಂತರ್ಜಾಲದ ಒಂದು ವೇದಿಕೆ ಕಾಯುತ್ತಿದ್ದರು. ಅಲ್ಲಿ ಫೋನಿನ ಬಗ್ಗೆ ಕೇಳಲು ಬರುವವರು ಹದಿನೆಂಟು ಸಾವಿರ ಜನ. ಕೇಳುವುದು ಹೇಗೆಂದು ಗೊತ್ತಿದ್ದವರು ಹದಿನೆಂಟು.

ಉಳಿದವರ ಕಥೆಯೇ ಬೇರೆ. ಮಾಡೆಲ್ ಹೇಳುವುದಿಲ್ಲ. ತಾವೇನು ಮಾಡಿ ನೋಡಿದೆವೆಂದು ಹೇಳುವುದಿಲ್ಲ. ಮಸುಕು ಫೋಟೋ ಎಸೆದು “ಇದೇನಾಗಿದೆ” ಅನ್ನುತ್ತಾರೆ. ಒಂದೇ ಪ್ರಶ್ನೆಯನ್ನು ನಾಲ್ಕು ಕಡೆ ಅಂಟಿಸುತ್ತಾರೆ. ಉತ್ತರ ಸಿಕ್ಕಿತೋ, ಉಂಡ ತಟ್ಟೆ ಅಲ್ಲೇ ಬಿಟ್ಟು ಎದ್ದುಹೋಗುತ್ತಾರೆ.

ತಂಗಿಯ ಗಂಡನೂ ಇದೇ ತಳಿ ಎಂದು ಮೇಷ್ಟ್ರ ಲೆಕ್ಕ. ‘ದಯವಿಟ್ಟು’ ಎಂಬ ಮಾತು ಆ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ತಂಗಿಯ ಎರಡು ಹಲ್ಲು ಉದುರಿಸಿದ್ದ. ಅವಳು ಓಡಿಬಂದು ಅಣ್ಣನ ಮನೆ ಸೇರಿದಾಗ ಅಲ್ಲಿಯ ಬಾಗಿಲನ್ನೂ ಒದ್ದು, “ಸಿಕ್ಕ ದಿನ ಮುಗಿಸ್ತೀನಿ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೋಗಿದ್ದ. ಆ ವಾರವೇ ಮೇಷ್ಟ್ರು ಮನೆ ಬದಲಿಸಿದರು. ಹೊಸ ವಿಳಾಸ ನೆಂಟರಿಗೂ ಗೊತ್ತಿರಲಿಲ್ಲ. ತಂಗಿಯ ಸಿಮ್ಮನ್ನು ಕತ್ತರಿಸಿ ಅದೇ ಫೋನಿಗೆ ಹೊಸದು ಹಾಕಿಕೊಟ್ಟಿದ್ದರು. ಇನ್ನು ನಾಲ್ಕು ದಿನ ಕಳೆದರೆ ಅವಳು ದೂರದ ಊರಿನಲ್ಲಿ ಕೆಲಸಕ್ಕೆ ಸೇರುವವಳು. ಅಲ್ಲಿಯವರೆಗೆ ಅವನ ಕಣ್ಣಿಗೆ ಬೀಳಬಾರದು, ಅಷ್ಟೇ.

ಮೇಷ್ಟ್ರು ಉತ್ತರ ಕುಟ್ಟಿದರು: “ಮೊದಲು ಕೇಳುವುದನ್ನು ಕಲಿಯಿರಿ. ಯಾವ ಫೋನು? ಯಾವಾಗಿನಿಂದ ಕಾಣುತ್ತಿಲ್ಲ? ಏನೇನು ಮಾಡಿ ನೋಡಿದಿರಿ? ‘ನಮಸ್ಕಾರ’, ‘ದಯವಿಟ್ಟು’ ಎಂಬ ಪದಗಳಿಗೆ ತೆರಿಗೆಯಿಲ್ಲ.”

ಬೈಗುಳ ಬರುತ್ತದೆಂದು ಕಾದರು. ಅರ್ಧ ಗಂಟೆ ಬಿಟ್ಟು ಬಂದದ್ದು ಬೇರೆಯೇ.

“ನಮಸ್ಕಾರ ಗುರುಗಳೇ. ನನ್ನ ಮಾತಿಗೆ ಕ್ಷಮೆಯಿರಲಿ. ಮನೆಯ ಫೋನೊಂದು ಕೈತಪ್ಪಿ ಹತ್ತೊಂಬತ್ತು ದಿನವಾಯಿತು. ಮಾಡೆಲ್ ಕೆಳಗೆ ಬರೆದಿದ್ದೇನೆ. ಹಳೆಯ ಸಿಮ್ ಸತ್ತಿದೆ. ಮೂರು ದಾರಿ ಪ್ರಯತ್ನಿಸಿ ಸೋತೆ. ಪ್ರತಿ ಸಲ ಪರದೆಯ ಮೇಲೆ ಏನು ಬಂತೆಂದು ಅಕ್ಷರಶಃ ಕೊಟ್ಟಿದ್ದೇನೆ. ದಯವಿಟ್ಟು ಸಹಾಯ ಮಾಡಿ.”

ಮೇಷ್ಟ್ರು ಎರಡು ಸಲ ಓದಿದರು. ಆರು ವರ್ಷದಲ್ಲಿ ತಿದ್ದಿಕೊಂಡ ಮೊದಲ ಮನುಷ್ಯ!

ಅಷ್ಟರಲ್ಲಿ ಯಾರೋ ಒಬ್ಬ ಸದಸ್ಯ ಮೂಗು ತೂರಿಸಿದ: “ಫೋನ್ ನಿಮ್ಮದೇ ತಾನೇ?”

“ಅಂಗಡಿಯಿಂದ ತಂದವನು ನಾನೇ ಸ್ವಾಮಿ.”

“ಸರಿಯಾಗಿ ಕೇಳಿದವರನ್ನು ಅನುಮಾನಿಸುವ ಚಾಳಿ ಬಿಡಿ,” ಎಂದು ಮೇಷ್ಟ್ರು ಸದಸ್ಯನ ಬಾಯಿ ಮುಚ್ಚಿಸಿದರು. ಆಮೇಲೆ, ಆ ಫೋನಿನಲ್ಲಿ ಹಳೆಯ ಖಾತೆ ಉಳಿದಿದ್ದರೆ ಅದಿರುವ ಜಾಗ ಹಿಡಿಯುವುದು ಹೇಗೆಂದು ಆರು ಹೆಜ್ಜೆಗಳಲ್ಲಿ, ಮಗುವಿಗೂ ತಿಳಿಯುವಂತೆ ಬರೆದರು. ಕೊನೆಗೆ ತಮ್ಮ ಎಂದಿನ ನಿಯಮ: ಬಗೆಹರಿದ ಮೇಲೆ ಬಂದು ತಿಳಿಸತಕ್ಕದ್ದು.

ಸ್ವಲ್ಪ ಹೊತ್ತಿಗೆ ತಂಗಿ ಬಾಗಿಲಲ್ಲಿ ನಿಂತಳು. “ಅಣ್ಣಾ, ನನ್ನ ಫೋನ್ ಏನೋ ಆಗಿದೆ, ನೋಡ್ತೀಯಾ?”

“ಏನೋ ಅಂದ್ರೆ?”

“ಏನೇನೋ ಬಂತು. ಹೋಯ್ತು.”

“ಏನು ಬಂತು?”

“ಓದೋಷ್ಟ್ರಲ್ಲಿ ಹೋಗ್ಬಿಡ್ತಲ್ಲ! ಅವತ್ತು ನೀನು ಅದೇನೋ ತೆಗೆದುಹಾಕು ಅಂದ್ಯಲ್ಲ, ಅದೂ ಹೋಗಿಲ್ಲ.”

“ಅದೇನೋ, ಏನೇನೋ, ಏನೋ!” ಮೇಷ್ಟ್ರು ಕುರ್ಚಿ ತಿರುಗಿಸಿದರು. “ನೀನೂ ಹೀಗೇ ಕೇಳಿದ್ರೆ ಹೇಗಮ್ಮಾ? ಮತ್ತೆ ಬಂದಾಗ ಒಂದು ಚೀಟೀಲಿ ಬರ್ಕೊಂಡು ಬಾ. ಸರಿಯಾಗಿ ಕೇಳು, ಸರಿಯಾಗಿ ಹೇಳ್ತೀನಿ.”

“ನಿನ್ನ ಹತ್ರ ಕೇಳೋಕಿಂತ ಗೋಡೆ ಹತ್ರ ಕೇಳೋದು ವಾಸಿ,” ಎಂದು ಅವಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಗಂಟೆ ದಾಟಿತ್ತು. ಮೇಷ್ಟ್ರ ಪರದೆಯ ಮೇಲೆ ಶಿಷ್ಯ ಮತ್ತೆ ಕಾಣಿಸಿಕೊಂಡ.

“ಗುರುಗಳೇ, ಬಗೆಹರಿಯಿತು. ನಾಲ್ಕನೆಯ ಹೆಜ್ಜೆಯಲ್ಲೇ ಸಿಕ್ಕಿತು. ಈಗ ಆ ಬೀದಿಯಲ್ಲೇ ನಿಂತು ಬರೆಯುತ್ತಿದ್ದೇನೆ. ನಿಮ್ಮ ನಿಯಮದಂತೆ, ಮುಂದೆ ಕೇಳುವವರಿಗೆ ಅನುಕೂಲವಾಗಲೆಂದು ನಕ್ಷೆಯ ಚಿತ್ರವನ್ನೂ ಹಾಕಿದ್ದೇನೆ. ನಿಮ್ಮ ಉಪಕಾರ ಮರೆಯುವುದಿಲ್ಲ.”

ಮೇಷ್ಟ್ರು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆ ಇಡೀ ಸಂಭಾಷಣೆಯನ್ನು ವೇದಿಕೆಯ ನೆತ್ತಿಯ ಮೇಲೆ ಏರಿಸಿ, ‘ಸಹಾಯ ಕೇಳುವುದು ಹೀಗೆ’ ಎಂದು ತಲೆಬರಹ ಕೊಟ್ಟರು. ಆಮೇಲೆ ಚಿತ್ರ ತೆರೆದರು. ತಿರುವಿನಲ್ಲಿ ಪಾರ್ಕು, ಅದರಾಚೆ ನೀರಿನ ಟ್ಯಾಂಕು, ಮುಂದೆ ದಾರಿಯಿಲ್ಲದ ಓಣಿ.

ಕೆಂಪು ಚುಕ್ಕೆ ಅವರದೇ ಮನೆಯ ಮೇಲೆ ಕೂತಿತ್ತು.