ಹೊಸ ಬಟ್ಟೆಯ ತೇಪೆ

ಈಗಲೂ ರವಿವಾರ ಪೇಟೆಯಲ್ಲಿ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ನನಗೆ ದಾದಿಯ ಕೌದಿ ನೆನಪಾಗಿ ಮೈಯುರಿಯುತ್ತದೆ.

ದಾದಿ, ಅಂದರೆ ನನ್ನ ತಂದೆಯ ತಾಯಿ, ಅಲ್ಲಿನ ಸೇಠರೊಬ್ಬರ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕೆಲಸಕ್ಕೆ ಉಟ್ಟು ಹರಿದ ಸೀರೆಗಳನ್ನು ಎಸೆಯದೆ, ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಒಂದು ಶುಕ್ರವಾರ ಮಧ್ಯಾಹ್ನ ಸೇಠರು ಮನೆಗೇ ಬಂದು ಕುಳಿತರು. ಕೈಯಲ್ಲಿ ಹಸಿರು, ಬಿಳಿಯ ಹೊಸ ಬಟ್ಟೆ; ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಖಾಲಾ, ಇದನ್ನ ಕತ್ತರಿಸಿ ತ್ಯಾಪಿ ಹಚ್ಚಿದಂಗ ಒಂದು ನಿಲುವಂಗಿ ಹೊಲಿದು ಕೊಡ್ರಿ. ದರ್ಗಾದ ಉರುಸಿನ್ಯಾಗ ಪೀರಸಾಹೇಬ್ರ ಮುಂದ ಫಕೀರನಂಗ ನಿಲ್ಲಬೇಕು" ಎಂದರು.

ಘಾಟು ತಾಳಲಾರದೆ ಗೋದಾಮಿಗೊಂದು ಫ್ಯಾನು ಹಾಕಿಸಿರೆಂದು ಹೆಂಗಸರು ಕೇಳಿದಾಗ, "ಸಬರ್ ಮಾಡ್ರಿ, ತಾಳ್ಮಿಯಿಂದ ಇರ್ರಿ, ಕಷ್ಟದಾಗ ಫಕೀರಿ ಐತಿ" ಎಂದವರೂ ಇವರೇ.

ದಾದಿ ಬಟ್ಟೆಯನ್ನು ಬೆರಳಲ್ಲಿ ಸವರಿ ನೋಡಿ ಬದಿಗಿಟ್ಟಳು. "ಇನ್ನೂ ಹರೀಲಾರದ ಬಟ್ಟಿಗೆ ತ್ಯಾಪಿ ಹೆಂಗ ಹಚ್ಚಲಿ, ಸೇಠ್‌ಜೀ?"

ಆಮೇಲೆ ಒಳಗೆ ಹೋಗಿ ತಾನು ಹೊದೆಯುವ ಕೌದಿಯನ್ನೇ ತಂದು ಅವರ ತೊಡೆಯ ಮೇಲಿಟ್ಟಳು. "ಇದನ್ನ ಹೊದ್ಕೊಂಡು ಹೋಗ್ರಿ. ಇದರಾಗಿನ ತ್ಯಾಪಿ ಖರೇ ಅದಾವ."

ಸೇಠರು ಕೌದಿಯನ್ನು ಬಿಡಿಸಿದವರೇ ಸೀನತೊಡಗಿದರು. ಕಣ್ಣಲ್ಲಿ ನೀರು ಬಂತು. "ಏನ್ ಖಾಲಾ ಇದು, ಇಷ್ಟ್ಯಾಕ ಘಾಟು?"

"ನಿಮ್ಮ ಗೋದಾಮಿಂದ ರೀ" ಎಂದಳು ದಾದಿ. "ಸಬರ್ ಮಾಡ್ರಿ."