ಹಿಂದುಮುಂದಾದ ಬೂಟು

ಸತ್ತ ಮಗನ ಬೂಟುಗಳು ಕುದುರೆ ಸವಾರರು ಕಾಲಿಡುವ ರಿಕಾಪುಗಳಲ್ಲಿ ಹಿಂದುಮುಂದಾಗಿ ನೇತಾಡುವುದನ್ನು ಕಂಡು ಲೊರೇನಳ ಮೈಯೆಲ್ಲ ಉರಿದುಹೋಯಿತು. ಮಡಿದ ಯೋಧರ ಮನೆಯವರಿಗೆ ಕುದುರೆ ಸವಾರಿ ಕಲಿಸುವ ಆ ರ‍್ಯಾಂಚಿನ ಯಜಮಾನ ಬ್ರೆಂಟ್, ದಾನಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹಲ್ಲು ಕಿರಿಯುತ್ತಿದ್ದ.

"ಹೇಗಿದೆ ಮೇಡಂ ನಮ್ಮ ಗೌರವ? ಎಲ್ರೂ ಕಣ್ಣೊರೆಸ್ಕೊಂಡ್ರು. ಲಗಾಮು ಹಿಡ್ಕೊಂಡು ನಿಲ್ಲಿ, ಒಂದು ಫೋಟೊ."

"ಮಗನದೇನಾದ್ರೂ ತನ್ನಿ ಅಂದ್ರಿ. ಹಾಕ್ಕೊಂಡು ಕುದುರೆ ಹತ್ತೋಣ ಅಂತ ಬೂಟು ತಂದೆ. ಹೀಗೆ ತಿರುಗಿಸಿ ಸಿಕ್ಕಿಸೋದು ಕರ್ನಲ್‌ನಂಥ ದೊಡ್ಡ ಅಧಿಕಾರಿಗಳ ಶವದ ಹಿಂದೆ ನಡೆಸೋ ಖಾಲಿ ಕುದುರೆಗೆ. ನನ್ನ ಮಗ ಕೋಡಿ ಸೈನ್ಯದಲ್ಲಿ ಲಾರಿ ಓಡಿಸ್ತಿದ್ದ. ನಿನ್ನ ನಾಟಕಕ್ಕೆ ಅವನಿಗ್ಯಾಕಯ್ಯಾ ಬಡ್ತಿ?"

"ಅಲ್ಲ ಮೇಡಂ, ಮನಸ್ಸು ಹಗುರ ಆಗ್ಲಿ ಅಂತ..."

"ಯಾರ ಮನಸ್ಸು?"

ಬೂಟುಗಳನ್ನು ಕಿತ್ತುಕೊಂಡು ಅವಳು ದಾನಿಗಳೆದುರೇ ಧೂಳಿನಲ್ಲಿ ಕುಕ್ಕರಿಸಿದಳು. ಕ್ಯಾನ್ವಾಸ್ ಶೂಗಳ ಸಮೇತ ಕಾಲು ತೂರಿಸಿದರೂ ಬೂಟು ಸಡಿಲವೇ. ಲಾಡಿಗಳನ್ನು ಬಿಗಿದು ಕಟ್ಟಿ, ಕುದುರೆ ಏರಲೆಂದು ಇಟ್ಟಿದ್ದ ಮೆಟ್ಟಿಲುಪೀಠ ಹತ್ತಿ, ಮುದಿ ಕುದುರೆಯ ಮೇಲೆ ಕೂತಳು. ಬೂಟುಗಳ ಮೂತಿ ಈಗ ಮುಂದಕ್ಕಿತ್ತು. ದಾನಿಗಳ ಫೋನುಗಳು ಮೇಲೆದ್ದವು. ಬ್ರೆಂಟ್ ಲಗಾಮಿಗೆ ಕೈ ಹಾಕಿದ.

"ಕೈ ಬಿಡು. ಎಲ್ರೂ ಪಕ್ಕಕ್ಕೆ ಸರ್ಕೊಳ್ಳಿ," ಎಂದಳು ಲೊರೇನ್. "ಕೋಡಿಯ ಲಾರಿ ಹೊರಡ್ತಿದೆ."